ಬಿಟ್ಟಿಯಲ್ಲ, ಸೇವೆ

(ವಾಚನಾಲಯದ ಸಹಾಯಾರ್ಥ ನೃತ್ಯ ಸಂಜೆಯ ಮರುವಾರ, ನೃತ್ಯ ಗುರುಗಳಿಗೆ ಕೃತಜ್ಞತೆ ಹೇಳಲು ಸೇರಿದ್ದ ಸಭೆಯಲ್ಲಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಕಳೆದ ಭಾನುವಾರದ ನೃತ್ಯ ಸಂಜೆ ಸಾಂಗವಾಗಿ ನೆರವೇರಿತು. ಕಣ್ಣಾರೆ ಕಂಡ ನಿಮಗೆ ಅದರ ವರ್ಣನೆ ಬೇಕಾಗಿಲ್ಲ. ಬಂದ ಹಣವೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವನ್ನು ವಾಚನಾಲಯದ ಬಾಗಿಲ ಬಳಿಯ ಹಲಗೆಗೆ ಅಂಟಿಸಿದ್ದೇವೆ. ಪತ್ರಿಕೆ ಓದಲು ಬರುವವರು ಅದನ್ನೂ ಓದಬೇಕೆಂದು ಪ್ರಾರ್ಥನೆ. ಇಂದು ಸೇರಿರುವುದು ಕೃತಜ್ಞತೆ ಹೇಳಲಿಕ್ಕೆ. ಆದರೆ ಕೃತಜ್ಞತೆಯ ಮಾತು ಹಾರ ತುರಾಯಿಗಳ ಜೊತೆಯಲ್ಲೇ ಬಾಡಿಹೋಗುವಂಥದು. ಆದಕಾರಣ ಈ ಸಲ ವಂದನಾರ್ಪಣೆಯ ಜೊತೆಗೆ ಒಂದು ತಪ್ಪೊಪ್ಪಿಗೆಯನ್ನೂ ಒಂದು ವಿಚಾರವನ್ನೂ ನಿಮ್ಮ ಮುಂದಿಡಬೇಕೆಂದು ಸಮಿತಿಯವರೆಲ್ಲ ಕೂಡಿ ನಿಶ್ಚಯಿಸಿದೆವು.

ಹೊಸದಾಗಿ ಮುಂಬಯಿಗೆ ಬಂದವರೂ ಸಭೆಯಲ್ಲಿ ಇದ್ದಾರೆ. ಅವರಿಗಾಗಿ, ಈ ಹಣ ಯಾತಕ್ಕೆ ಎಂಬುದನ್ನು ಮೊದಲು ಹೇಳಬೇಕು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆಯಿತು. ಅಂದಿನಿಂದ ಕ್ಯಾನ್ಸರ್ ಎಂಬ ಹೆಸರು ಕೇಳಿ ಎದೆಗುಂದಿದ ಮನೆಮಂದಿ ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ನಮ್ಮ ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರೂ ಬರುತ್ತಾರೆ, ಕರಾವಳಿಯವರೂ ಬರುತ್ತಾರೆ. ಕಿರಣ ಚಿಕಿತ್ಸೆ ಎಂದರೆ ಒಂದು ದಿನದ ಮಾತಲ್ಲ, ವಾರಗಟ್ಟಲೆ ನಡೆಯುವಂಥದು. ಅಂಥ ರೋಗಿ ಆಸ್ಪತ್ರೆಯೊಳಗೆ ಮಲಗಿಯೇ ಇರಬೇಕಾಗಿಲ್ಲ. ಆದರೆ ಹೊರಗೆ ಮಲಗಲು ಈ ಊರಿನಲ್ಲಿ ಜಾಗವೆಲ್ಲಿ? ದಾದರಿನ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆಯಂಥವು ಅನೇಕರಿಗೆ ನೆರಳು ಕೊಡುತ್ತವೆ. ಅಲ್ಲಿ ಜಾಗ ಸಿಕ್ಕದವರು ಕಾಲುದಾರಿಯ ಅಂಚಿನಲ್ಲಿ ಚಾಪೆ ಹಾಸುತ್ತಾರೆ. ದಿನವೂ ಆ ದಾರಿಯಲ್ಲಿ ಓಡಾಡುವ ನಾವು ಅದನ್ನು ಕಂಡಿದ್ದೇವೆ, ಕಂಡೂ ಗಾಡಿ ಹಿಡಿಯಲು ಓಡಿದ್ದೇವೆ.

ನಮ್ಮ ನಿಧಿಯಿಂದ ಆಗುವುದು ಅಲ್ಪ. ಒಂದೆರಡು ಖೋಲಿಯ ಬಾಡಿಗೆ, ಕೆಲವರಿಗೆ ಎರಡು ಹೊತ್ತಿನ ಊಟ, ಊರಿಗೆ ಮರಳುವವರಿಗೆ ರೈಲಿನ ಟಿಕೀಟು. ಇದರ ಜೊತೆಗೆ ನಮ್ಮ ಸದಸ್ಯರಲ್ಲಿ ಕೆಲವರು ಸರದಿಯಂತೆ ರಜೆ ಹಾಕಿ ಹೊರರೋಗಿ ವಿಭಾಗದಲ್ಲಿ ಕನ್ನಡದವರ ಪಕ್ಕ ನಿಲ್ಲುತ್ತಾರೆ. ಹಿಂದಿಯಾಗಲಿ ಮರಾಠಿಯಾಗಲಿ ಬಾರದ ತಾಯಿಗೆ 'ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ' ಎಂಬ ಒಂದು ಮಾತು ತಿಳಿಯದೆ ಹೋದರೆ ಪರೀಕ್ಷೆ ಮುಂದಕ್ಕೆ ಬೀಳುತ್ತದೆ. ಒಂದು ದಿನ ಮುಂದಕ್ಕೆ ಬಿದ್ದರೆ ಒಂದು ದಿನದ ಬಾಡಿಗೆ, ಒಂದು ದಿನದ ಊಟ, ಒಂದು ದಿನದ ನೋವು. ಕನ್ನಡ ಬಲ್ಲ ಒಬ್ಬ ಗುಮಾಸ್ತ ಅಲ್ಲಿ ನಿಂತಿದ್ದರೆ ಇಷ್ಟೂ ಉಳಿಯುತ್ತದೆ.

ಈ ನಿಧಿಗೆ ಹಣ ಬರುವುದು ಎಲ್ಲಿಂದ? ನಾವು ಕೂಲಿಯವರು, ಹೋಟೆಲಿನವರು, ಗುಮಾಸ್ತರು. ಬರಿಗೈಯಲ್ಲಿ ರಸೀತಿ ಪುಸ್ತಕ ಹಿಡಿದು ಹೋದರೆ ಸಿಕ್ಕುವುದು ಮುಗುಳ್ನಗೆ ಒಂದೇ. ಆದರೆ ತನ್ನ ಮಗಳು ವೇದಿಕೆಯ ಮೇಲೆ ಗೆಜ್ಜೆ ಕಟ್ಟಿ ನಿಲ್ಲುತ್ತಾಳೆ ಎಂದರೆ ಅಪ್ಪ ತನಗೊಂದು, ಹೆಂಡತಿಗೊಂದು, ಪಕ್ಕದ ಖೋಲಿಯವರಿಗೆರಡು ಎಂದು ಟಿಕೀಟು ಕೊಳ್ಳುತ್ತಾನೆ. ಮಕ್ಕಳ ಕುಣಿತ ಹಣ ತರುತ್ತದೆ. ಆ ಕುಣಿತವನ್ನು ತರುವವರು ಗುರುಗಳು. ಹೀಗೆ ಲೆಕ್ಕ ಹಾಕುತ್ತ ಹೋದರೆ ಪರೇಲಿನ ಆ ಖೋಲಿಗಳ ಬಾಡಿಗೆಯನ್ನು ಕೊಡುತ್ತಿರುವವರು ನೃತ್ಯ ಗುರುಗಳೇ. ಇದನ್ನು ತಿಳಿಯಲು ನಮಗೆ ಬಹಳ ಕಾಲ ಹಿಡಿಯಿತು.

ಈ ವರ್ಷ ನಾಲ್ವರು ಗುರುಗಳು ಮುಂದೆ ಬಂದರು. ಒಬ್ಬರು ಭರತನಾಟ್ಯ ಕಲಿಸುವ ತಾಯಿ. ಒಬ್ಬರು ಕಥಕ್ ಕಲಿಸುವವರು. ಹಗಲು ಬ್ಯಾಂಕಿನಲ್ಲಿ ಗುಮಾಸ್ತೆ. ಮೂರನೆಯವರು ಯಕ್ಷಗಾನದ ಗುರುಗಳು. ಬೆಳಿಗ್ಗೆ ಐದಕ್ಕೆದ್ದು ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಮಕ್ಕಳಿಗೆ ಹೆಜ್ಜೆ ಹೇಳಿಕೊಡುವವರು. ನಾಲ್ಕನೆಯವರು ಕಟ್ಟಡದ ಕೆಲಸಗಾರರ ಬಿಡಾರದಲ್ಲಿ ಮಕ್ಕಳಿಗೆ ಕೋಲಾಟ ಕಲಿಸುವ ಅಜ್ಜ. ಅವರನ್ನು ಗುರುಗಳೆಂದು ಯಾರೂ ಕರೆದಿರಲಿಲ್ಲ, ಅವರೂ ತಮ್ಮನ್ನು ಹಾಗೆ ಎಣಿಸಿರಲಿಲ್ಲ.

ಇವರ ದುಡಿಮೆ ಎಷ್ಟೆಂದು ಎಂದಾದರೂ ಎಣಿಸಿದ್ದೇವೆಯೇ? ಭರತನಾಟ್ಯದ ಮಕ್ಕಳು ವೇದಿಕೆಯ ಮೇಲೆ ಇದ್ದದ್ದು ಏಳು ನಿಮಿಷ. ಅದಕ್ಕೆ ಹತ್ತು ವಾರ, ವಾರಕ್ಕೆ ಎರಡು ತಾಲೀಮು, ತಾಲೀಮಿಗೆ ಎರಡು ಗಂಟೆ: ನಲವತ್ತು ಗಂಟೆ. ಉಳಿದ ಮೂವರದೂ ಹೆಚ್ಚು ಕಡಿಮೆ ಅಷ್ಟೇ. ನಾಲ್ವರದೂ ಕೂಡಿದರೆ ಒಬ್ಬ ಗುಮಾಸ್ತನ ಇಪ್ಪತ್ತು ದಿನದ ಕಚೇರಿ ಕೆಲಸ. ಇಪ್ಪತ್ತು ದಿನ ಸಂಬಳವಿಲ್ಲದೆ ಬನ್ನಿ ಎಂದು ನಮ್ಮಲ್ಲಿ ಯಾರನ್ನಾದರೂ ಕರೆದರೆ ಬರುವವರೆಷ್ಟು ಮಂದಿ?

ಗಂಟೆಯ ಲೆಕ್ಕವೂ ಪೂರ್ತಿ ಲೆಕ್ಕವಲ್ಲ. ಅರಮಂಡಿಯಲ್ಲಿ ಕೂತ ಮಗು ಎರಡು ನಿಮಿಷಕ್ಕೆ ಮೊಣಕಾಲು ನೆಟ್ಟಗೆ ಮಾಡಿಕೊಳ್ಳುತ್ತದೆ. ಗುರು ತಟ್ಟುಮಣೆಯ ಮೇಲೆ ಕೋಲು ತಟ್ಟುತ್ತ ಮತ್ತೆ ಮೊದಲಿನಿಂದ ಹೇಳುತ್ತಾರೆ. ಒಂದು ಮಗುವಿಗೆ ಜ್ವರ ಬಂದು ಸಾಲು ಮುರಿಯುತ್ತದೆ. ಎಂಟು ಮಕ್ಕಳ ಕುಣಿತವನ್ನು ಏಳಕ್ಕೆ ಹೊಂದಿಸಿದ ಮೇಲೆ ಜ್ವರದ ಮಗು ಗುಣವಾಗಿ ಬಂದು ಅಳುತ್ತ ನಿಲ್ಲುತ್ತದೆ. ಮತ್ತೆ ಎಂಟಕ್ಕೆ ಹೊಂದಿಸಬೇಕು. ಚಾಳಿನ ಕೆಳಮನೆಯವರು ಸದ್ದು ಹೆಚ್ಚಾಯಿತೆಂದು ಕೂಗುತ್ತಾರೆ. ಗೆಜ್ಜೆ ಬಿಚ್ಚಿ ಬರಿಗಾಲಲ್ಲಿ ತಾಲೀಮು ನಡೆಯುತ್ತದೆ. ಯಕ್ಷಗಾನದ ಗುರುಗಳಂತೂ ಪ್ರದರ್ಶನದ ದಿನ ಮಧ್ಯಾಹ್ನದಿಂದಲೇ ಚೌಕಿಯಲ್ಲಿ ಕೂತು ಹನ್ನೆರಡು ಮಕ್ಕಳ ಮುಖಕ್ಕೆ ತಮ್ಮ ಕೈಯಾರೆ ಬಣ್ಣ ಹಾಕಿದರು. ನಾವು ಚಪ್ಪಾಳೆ ತಟ್ಟಿದ್ದು ಬಣ್ಣಕ್ಕೆ. ಬಣ್ಣ ಹಾಕಿದ ಕೈಯನ್ನು ನೋಡಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಗುರುಗಳಿಗೆ ಸಿಕ್ಕುವ ನೆಲವೆಲ್ಲ ನಿಜಕ್ಕೂ ಡೊಂಕೇ. ಹತ್ತಡಿ ಖೋಲಿ, ತಗಡಿನ ಮಾಡು, ಒಡೆದ ಹಂಚು. ಆದರೂ ಅವರು ನೆಲದ ಮೇಲೆ ತಪ್ಪು ಹೊರಿಸದೆ ಕುಣಿಸಿದರು.

ಈಗ ತಪ್ಪೊಪ್ಪಿಗೆ. ಹೋದ ವರ್ಷದ ಸಹಾಯಾರ್ಥ ಸಂಜೆಯ ಅನಂತರ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದಿದೆವು. ಸಭಾಗೃಹದ ಬಾಡಿಗೆ ಇಷ್ಟು, ಮೈಕು ದೀಪಕ್ಕೆ ಇಷ್ಟು, ಚಹಾ ಉಪಾಹಾರಕ್ಕೆ ಇಷ್ಟು, ಅತಿಥಿಗಳ ಹಾರ ಶಾಲುಗಳಿಗೆ ಇಷ್ಟು; ಕೊನೆಗೆ 'ನೃತ್ಯದ ಬಾಬ್ತು ಖರ್ಚು: ಸೊನ್ನೆ'. ಈ ಸೊನ್ನೆಯನ್ನು ನಾವು ಹೆಮ್ಮೆಯಿಂದ ಓದಿದೆವು. ನೀವೂ ಚಪ್ಪಾಳೆ ತಟ್ಟಿದಿರಿ. ಆ ವರ್ಷದ ಕರಪತ್ರದಲ್ಲಿ ದೇಣಿಗೆ ಕೊಟ್ಟವರ ಹೆಸರುಗಳು ದಪ್ಪಕ್ಷರದಲ್ಲಿದ್ದವು. ಕೆಳಗೆ 'ಮಕ್ಕಳಿಂದ ನೃತ್ಯ' ಎಂದಷ್ಟೇ ಇತ್ತು. ಮಕ್ಕಳು ಹುಟ್ಟುವಾಗಲೇ ಅಲರಿಪು ಕಲಿತುಬಂದವರು ಎಂಬಂತೆ.

ಕೆಲವು ದಿನಗಳ ಮೇಲೆ ಒಬ್ಬ ವಿದ್ಯಾರ್ಥಿನಿಯ ತಾಯಿ ವಾಚನಾಲಯಕ್ಕೆ ಬಂದು, ವಾರಪತ್ರಿಕೆ ಹಿಂದಿರುಗಿಸುತ್ತ, ಮಾತಿನ ನಡುವೆ ಒಂದು ವಿಷಯ ಹೇಳಿದರು. ಮೃದಂಗದವರ ಸಂಭಾವನೆ, ಹಾಡಿದವರ ಟ್ಯಾಕ್ಸಿ ಖರ್ಚು, ಮಕ್ಕಳ ಉಡುಪಿನ ಬಾಡಿಗೆ, ಇದಿಷ್ಟನ್ನೂ ಗುರುಗಳೇ ಕೈಯಿಂದ ಹಾಕಿದ್ದರು. ಅಷ್ಟೇ ಅಲ್ಲ, ನಮ್ಮ ತಾಲೀಮಿಗಾಗಿ ಭಾನುವಾರದ ಫೀಜಿನ ತರಗತಿಗಳನ್ನು ನಿಲ್ಲಿಸಿದ್ದರಿಂದ ಆ ತಿಂಗಳುಗಳ ಆದಾಯವೂ ಹೋಗಿತ್ತು. ಮನೆಯ ಬಾಡಿಗೆಯನ್ನು ಆ ಸಲ ತಡವಾಗಿ ಕಟ್ಟಿದರಂತೆ. ಅಂದರೆ, ನಾವು ಪರೇಲಿನ ಖೋಲಿಗೆ ಬಾಡಿಗೆ ಕಟ್ಟಿದ ತಿಂಗಳೇ ಅವರ ಮನೆಯ ಬಾಡಿಗೆ ಬಾಕಿಯಾಗಿತ್ತು. ನಮ್ಮ ಲೆಕ್ಕದ ಸೊನ್ನೆ ಸೊನ್ನೆಯಾಗಿರಲಿಲ್ಲ. ಅದು ಇನ್ನೊಬ್ಬರ ಪುಸ್ತಕಕ್ಕೆ ಹೋಗಿ ಖರ್ಚಾಗಿ ಕುಳಿತಿತ್ತು.

ಸಮಿತಿಯ ಮೂವರು ಅವರ ಮನೆಗೆ ಹೋದೆವು. ನಮ್ಮಲ್ಲಿ ಹಿರಿಯರು "ಅಮ್ಮಾ, ನಮ್ಮಿಂದ ತಪ್ಪಾಯಿತು" ಎಂದರು. ಆ ತಾಯಿ ಮೊದಲು ಕಾಫಿ ಕೊಟ್ಟರು, ಆಮೇಲೆ ಮಾತಾಡಿದರು: "ತಪ್ಪು ಅಂತ ಯಾಕೆ ಅಣ್ಣ? ನನ್ನ ಕೆಲಸ ನನ್ನದು, ಅದನ್ನು ನಾನು ಮನಸಾರೆ ಕೊಟ್ಟೆ. ಆದರೆ ಮೃದಂಗದವರ ಕೆಲಸ ನನ್ನದಲ್ಲವಲ್ಲ? ಅದನ್ನು ದಾನ ಕೊಡಲಿಕ್ಕೆ ನಾನು ಯಾರು? ಅವರ ಮನೆಯಲ್ಲೂ ಒಲೆ ಉರಿಯಬೇಕು. ನೀವು ಕೊಡೋದಿಲ್ಲ ಅಂತ ಗೊತ್ತಾಯಿತು, ನಾನೇ ಕೊಟ್ಟೆ."

ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದರು: "ನನ್ನ ಹೆಸರು ಹಾಕದಿದ್ದರೂ ಚಿಂತೆಯಿಲ್ಲ. ಆದರೆ ಆ ಮಕ್ಕಳು ಕಾಗದ ಹಿಡಿದುಕೊಂಡು 'ಟೀಚರ ಹೆಸರು ಎಲ್ಲಿ' ಅಂತ ಹುಡುಕಿದರು. ಅವರಿಗೆ ಏನು ಹೇಳಲಿ?"

ಆ ತಾಯಿ ಈ ಸಭೆಯಲ್ಲೇ ಇದ್ದಾರೆ. ಈ ವರ್ಷದ ಕರಪತ್ರದ ಮೊದಲ ಸಾಲಿನಲ್ಲಿ ಅವರ ಹೆಸರಿದೆ. ಈ ಕಥೆಯ ಜೊತೆಗೆ ಮಾತ್ರ ಬೇಡವೆಂದು ಅವರ ಅಪ್ಪಣೆ, ಅದನ್ನು ಪಾಲಿಸುತ್ತೇವೆ.

ಬಂಧುಗಳೇ, ಅಂದು ಮೆಟ್ಟಿಲಿಳಿದು ಬರುವಾಗ ನಮಗೆ ನೆನಪಾದದ್ದು ನಮ್ಮದೇ ಒಂದು ಹಳೆಯ ಗಾದೆ: ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನಂತೆ. ಅಳಿಯನಿಗೆ ಪುಣ್ಯ ಬಂತೋ ಇಲ್ಲವೋ, ಅತ್ತೆಯ ಕೊರಳು ಬರಿದಾಯಿತು. ಸಂಘ ಸಂಸ್ಥೆಗಳು ಎಷ್ಟೋ ಸಲ ಈ ಅಳಿಯನ ಕೆಲಸವನ್ನೇ ಮಾಡುತ್ತವೆ. ಗುರುಗಳ ದುಡಿಮೆಯನ್ನು ತೆಗೆದುಕೊಂಡು, ಪಕ್ಕವಾದ್ಯದವರ ದುಡಿಮೆಯನ್ನೂ ಅದರ ಜೊತೆಗೆ ಸೇರಿಸಿ, 'ನಾವು ದಾನ ಮಾಡಿದೆವು' ಎಂದು ಫಲಕ ಬರೆಸುತ್ತವೆ.

ಕನ್ನಡದಲ್ಲಿ ಎರಡು ಮಾತುಗಳಿವೆ, ಬಿಟ್ಟಿ ಮತ್ತು ಸೇವೆ. ಎರಡರಲ್ಲೂ ಕೂಲಿಯಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಬಿಟ್ಟಿ ಎಂಬುದು ಸಂಸ್ಕೃತದ ವಿಷ್ಟಿಯಿಂದ ಬಂದ ಮಾತು. ಅಧಿಕಾರವುಳ್ಳವನು ಇಲ್ಲದವನಿಂದ ಕೂಲಿ ಕೊಡದೆ ತೆಗೆಸುವ ಕೆಲಸ. ನಮ್ಮ ಅಜ್ಜ ಮುತ್ತಜ್ಜಂದಿರು ಊರ ಗೌಡನ ಹೊಲದಲ್ಲಿ, ಸರಕಾರದ ಸವಾರಿಯ ಸಾಮಾನಿನ ಕೆಳಗೆ ಇದನ್ನು ಅನುಭವಿಸಿದವರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 23ನೆಯ ವಿಧಿಯಲ್ಲಿ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿತು. ಸೇವೆಯೋ, ಕೊಡುವವನು ತಾನಾಗಿ ಕೊಡುವುದು. ಹಾಗಾದರೆ ಎರಡನ್ನೂ ಗುರುತಿಸುವುದು ಹೇಗೆ? ಒಂದೇ ಪರೀಕ್ಷೆ ಸಾಕು. 'ಆಗುವುದಿಲ್ಲ' ಎನ್ನುವ ಸ್ವಾತಂತ್ರ್ಯ ಕೊಡುವವನಿಗೆ ಇದೆಯೇ? ಇದ್ದರೆ ಅದು ಸೇವೆ. 'ನಮ್ಮವರೇ ಅಲ್ಲವೇ, ಒಲ್ಲೆ ಎಂದರೆ ನಾಳೆ ಯಾರು ಏನೆಂದಾರೋ' ಎಂದು ಹೆದರಿ ಒಪ್ಪಿದ್ದರೆ ಅದು ಬಿಟ್ಟಿ. ಅದಕ್ಕೆ ಶಾಲು ಹೊದಿಸಿದರೂ ಬಿಟ್ಟಿಯೇ.

ಈ ಮಾತು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಂಜೆ ಆರಾದ ಮೇಲೂ 'ಇದೊಂದು ಕಾಗದ ಮುಗಿಸಿ ಹೋಗಿ' ಎಂದು ಕೂರಿಸಿಕೊಳ್ಳುವ ಮೇಲಧಿಕಾರಿಯನ್ನು ಕಂಡವರು ನಾವು. ಹೆಚ್ಚು ಹೊತ್ತಿನ ದುಡಿಮೆಗೆ ಇಮ್ಮಡಿ ಕೂಲಿ ಎಂದು 1948ರ ಕಾರ್ಖಾನೆ ಕಾನೂನು ಬರೆದಿಟ್ಟಿತು. ಅದನ್ನು ಕೇಳಿ ಪಡೆಯಲು ನಮ್ಮ ಹಿರಿಯರು ಸಂಘ ಕಟ್ಟಿದರು. ಹಗಲು ನಮ್ಮ ದುಡಿಮೆಗೆ ಬೆಲೆ ಕೇಳುವ ನಾವು ಸಂಜೆ ಇನ್ನೊಬ್ಬರ ದುಡಿಮೆಯನ್ನು ಸೊನ್ನೆ ಎಂದು ಬರೆದರೆ ಅದು ನ್ಯಾಯವಲ್ಲ.

ಧರ್ಮಾರ್ಥ ಎಂದರೆ ಕಲಾವಿದನಿಗೆ ಏನೂ ಇಲ್ಲ ಎಂಬುದು ನಮ್ಮ ಊರಿನ ರೂಢಿಯೂ ಅಲ್ಲ. ಕರಾವಳಿಯ ಹರಕೆಯ ಬಯಲಾಟವನ್ನು ನೆನೆಯಿರಿ. ಗದ್ದೆಯಲ್ಲಿ ಕೂತು ಬೆಳಗಿನವರೆಗೆ ಆಟ ನೋಡುವ ಜನಕ್ಕೆ ಟಿಕೀಟು ಇಲ್ಲ. ಆದರೆ ಹರಕೆ ಹೊತ್ತವನು ಮೇಳಕ್ಕೆ ವೀಳ್ಯ ಕೊಟ್ಟೇ ಆಟ ಗೊತ್ತುಮಾಡುತ್ತಾನೆ, ಕಲಾವಿದರಿಗೆ ಊಟಕ್ಕೆ ಬಡಿಸುತ್ತಾನೆ. ನೋಡುವವನಿಗೆ ಉಚಿತ, ಆಡುವವನಿಗೆ ಅನ್ನ. ಕಂಪನಿ ನಾಟಕದವರು ಊರ ಶಾಲೆಗೆಂದು ಒಂದು ರಾತ್ರಿಯ ಉತ್ಪತ್ತಿಯನ್ನು ಬಿಟ್ಟುಕೊಡುತ್ತಿದ್ದದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಒಂದು ರಾತ್ರಿಯದು, ಎಲ್ಲ ರಾತ್ರಿಗಳದಲ್ಲ. ಉಳಿದ ರಾತ್ರಿಗಳ ಗಳಿಕೆ ಇದ್ದದ್ದರಿಂದಲೇ ಆ ಒಂದು ರಾತ್ರಿಯ ದಾನ ಸಾಧ್ಯವಾಗುತ್ತಿತ್ತು.

ದೊಡ್ಡವರ ಬದುಕಿನಿಂದ ಒಂದು ಪ್ರಸಂಗ. ರವೀಂದ್ರನಾಥ ಠಾಕೂರರು 1936ರಲ್ಲಿ ವಿಶ್ವಭಾರತಿಗೆ ಹಣ ಕೂಡಿಸಲು 'ಚಿತ್ರಾಂಗದಾ' ನೃತ್ಯನಾಟಕದ ತಂಡವನ್ನು ಕಟ್ಟಿಕೊಂಡು ಉತ್ತರ ಹಿಂದೂಸ್ತಾನದ ಊರೂರು ತಿರುಗಿದರು. ಆಗ ಅವರ ವಯಸ್ಸು 75ರ ಹತ್ತಿರ, ಮೈಯಲ್ಲಿ ಸ್ವಸ್ಥವಿಲ್ಲ. ದಿಲ್ಲಿಯಲ್ಲಿ ಅವರನ್ನು ಕಂಡ ಗಾಂಧೀಜಿಯವರಿಗೆ ಬಹಳ ನೋವಾಯಿತು. ವಿಶ್ವಭಾರತಿಗೆ ಕೊರತೆ ಬಿದ್ದಿದ್ದ 60,000 ರೂಪಾಯಿಗಳನ್ನು ಅವರು ದಾನಿಯೊಬ್ಬರಿಂದ ಕೊಡಿಸಿ, ಮುಂದಿನ ತಿರುಗಾಟವನ್ನು ನಿಲ್ಲಿಸುವಂತೆ ಮಾಡಿದರು. ಕವಿ ತಾವಾಗಿಯೇ ಹೊರಟಿದ್ದರು, ಯಾರ ಬಲವಂತವೂ ಇರಲಿಲ್ಲ. ಉದ್ದೇಶವೂ ಪವಿತ್ರವಾದದ್ದೇ. ಆದರೂ ಗಾಂಧೀಜಿ ಆ ದೇಹದ ದಣಿವನ್ನು ಲೆಕ್ಕಕ್ಕೆ ಹಿಡಿದರು. ಕೊಡುವವನು 'ಇನ್ನೂ ಕೊಡುತ್ತೇನೆ' ಎಂದರೂ 'ಸಾಕು' ಎನ್ನುವ ಹೊಣೆ ಪಡೆಯುವವನದು. ಈ ಪಾಠ ಸಣ್ಣ ಸಂಘಗಳಿಗೂ ಅನ್ವಯಿಸುತ್ತದೆ.

ನಮ್ಮ ಮುಂಬಯಿಯದೇ ಇನ್ನೊಂದು ನಿದರ್ಶನ. 1943ರಲ್ಲಿ ಬಂಗಾಲದ ಕ್ಷಾಮದ ಸುದ್ದಿ ದೇಶವನ್ನು ನಡುಗಿಸಿದ ಕಾಲದಲ್ಲಿ, ಅದೇ ವರ್ಷ ಹುಟ್ಟಿದ ಜನನಾಟ್ಯ ಸಂಘದ ಕಲಾವಿದರು ಹಾಡಿ ಕುಣಿದು ಪರಿಹಾರಕ್ಕೆ ಹಣ ಕೂಡಿಸಿದರು. ನೃತ್ಯ ನಿರ್ದೇಶಕ ಶಾಂತಿ ಬರ್ಧನ್ ಮುಂತಾದವರಿದ್ದ ಅದರ ಕೇಂದ್ರ ತಂಡ ಅಂಧೇರಿಯಲ್ಲಿ ಒಂದೇ ಬಿಡಾರದಲ್ಲಿ ವಾಸವಾಗಿತ್ತು. ಊಟವೂ ಅಲ್ಲೇ, ತಾಲೀಮೂ ಅಲ್ಲೇ. ತ್ಯಾಗಕ್ಕೂ ಒಂದು ಅಡುಗೆಮನೆ ಬೇಕು ಎಂಬುದನ್ನು ಅವರು ಮರೆಯಲಿಲ್ಲ.

ನೃತ್ಯ ಕಲಿಸುವುದು ಹೊಟ್ಟೆಪಾಡಿನ ವಿದ್ಯೆಯೇ ಅಲ್ಲ, ಅದು ಹವ್ಯಾಸ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಇದು ಸರಿಯಲ್ಲ. ತಂಜಾವೂರಿನ ಕಡೆಯ ನಟ್ಟುವನಾರರು ತಲೆಮಾರುಗಳಿಂದ ಇದೇ ವಿದ್ಯೆಯಿಂದ ಬದುಕಿದವರು. ಅವರ ಪರಂಪರೆಯ ಗುರುಗಳು ಈ ಊರಿಗೆ ಬಂದು, 1945ರಲ್ಲಿ ಶ್ರೀ ರಾಜರಾಜೇಶ್ವರಿ ಭರತನಾಟ್ಯ ಕಲಾಮಂದಿರ ಇಲ್ಲಿ ನೆಲೆಗೊಂಡಿತು. ಇನ್ನು ಸಂಬಳದ ಕೆಲಸ ಇಟ್ಟುಕೊಂಡೇ ಕಲಿಸಿದವರೂ ಉಂಟು. ಬೆಂಗಳೂರಿನ ಯು. ಎಸ್. ಕೃಷ್ಣರಾಯರು ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯ ಕಲಿತು, ಪತ್ನಿ ಚಂದ್ರಭಾಗಾದೇವಿಯವರೊಡನೆ 1942ರಲ್ಲಿ 'ಮಹಾಮಾಯ' ಎಂಬ ನೃತ್ಯಶಾಲೆಯನ್ನು ತೆರೆದರು. ಕನ್ನಡನಾಡಿನ ಹೊರಗೆ ಶಾಲೆ ಕಟ್ಟಿದವರಲ್ಲಿ ಮಾಯಾ ರಾಯರು ಒಬ್ಬರು: 1964ರಲ್ಲಿ ದಿಲ್ಲಿಯಲ್ಲಿ ಕಥಕ್ ಮತ್ತು ನೃತ್ಯ ಸಂಯೋಜನೆಯ ಸಂಸ್ಥೆಯನ್ನು ಆರಂಭಿಸಿ, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಇವರೆಲ್ಲ ಕಲೆಯನ್ನು ಕೆಲಸವೆಂದು ತಿಳಿದು ಕೆಲಸ ಮಾಡಿದವರು. ನಮ್ಮ ಚಾಳಿನ ಹತ್ತಡಿ ಖೋಲಿಯಲ್ಲಿ ಕೋಲು ತಟ್ಟುವ ಗುರುವೂ ಅದೇ ಕೆಲಸದವರು.

ಇನ್ನೊಂದು ವಿಷಯ, ಇದು ಲೆಕ್ಕಿಗರಿಗೆ. ನೋಂದಾಯಿತ ಧರ್ಮಸಂಸ್ಥೆಗೆ ಹಣ ಕೊಟ್ಟವನಿಗೆ ಆದಾಯ ತೆರಿಗೆಯ ಕಾನೂನು ಕೆಲವು ಕಟ್ಟಳೆಗಳ ಮೇಲೆ ರಿಯಾಯಿತಿ ಕೊಡುತ್ತದೆ. ಆದರೆ ಅದು ಹಣಕ್ಕೆ ಮಾತ್ರ. ದುಡಿಮೆಯನ್ನು ದಾನ ಕೊಟ್ಟವರಿಗೆ ಆ ರಿಯಾಯಿತಿಯಿಲ್ಲ. ಸಾವಿರ ರೂಪಾಯಿ ಕೊಟ್ಟವನ ಕೈಯಲ್ಲಿ ರಸೀತಿ ಇರುತ್ತದೆ, ನಲವತ್ತು ಗಂಟೆ ಕೊಟ್ಟವಳ ಕೈಯಲ್ಲಿ ಏನೂ ಇರುವುದಿಲ್ಲ. ಸರಕಾರ ಕೊಡದ ಆ ರಸೀತಿಯನ್ನು ಸಂಘವಾದರೂ ಕೊಡಬೇಡವೇ?

ಇದನ್ನೆಲ್ಲ ಯೋಚಿಸಿ ಈ ವರ್ಷ ಕೆಲವು ನಿಯಮಗಳನ್ನು ಮಾಡಿಕೊಂಡೆವು. ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳ ಕನ್ನಡ ಸಂಘದವರು ಈ ಪತ್ರಿಕೆಯನ್ನು ಓದಿದರೆ ಅವರಿಗೂ ಉಪಯೋಗವಾದೀತೆಂದು ಹೇಳುತ್ತೇವೆ.

ಗುರುಗಳನ್ನು ಕೇಳುವುದು ಒಂದೇ ಸಲ, ಅದೂ ಪತ್ರದ ಮೂಲಕ. ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಬಾರದು. ಸಭೆಯಲ್ಲಿ ಒಲ್ಲೆ ಎನ್ನಲು ಯಾರಿಗೂ ಬಾಯಿ ಬಾರದು. ಈ ವರ್ಷ ಇಬ್ಬರು ಗುರುಗಳು ಆಗುವುದಿಲ್ಲವೆಂದು ಬರೆದರು. ಅವರಿಗೂ ವಂದನೆ ತಿಳಿಸಿ ಉತ್ತರ ಬರೆದೆವು. ಅವರೂ ನಮ್ಮವರೇ.

ಗುರು ತನ್ನ ದುಡಿಮೆಯನ್ನು ಕೊಡಬಹುದು. ಉಳಿದ ಖರ್ಚು ಸಂಘದ್ದು. ಮೃದಂಗ, ಹಾಡುಗಾರಿಕೆ, ಚೆಂಡೆ ಮದ್ದಳೆ, ಉಡುಪಿನ ಬಾಡಿಗೆ, ಬಣ್ಣ, ಓಡಾಟ, ಇವಕ್ಕೆ ಮುಂಗಡವಾಗಿಯೇ ಹಣ ಎತ್ತಿಡಬೇಕು. ಪಕ್ಕವಾದ್ಯದವರು ತಾವಾಗಿ ಬೇಡವೆಂದರೆ ಅದು ಅವರ ದಾನ, ಅವರ ಹೆಸರಿನಲ್ಲೇ ಬರೆಯಬೇಕು. ಈ ಸಲ ಮದ್ದಳೆಯವರು ಹಾಗೆಯೇ ಅರ್ಧವನ್ನು ಹಿಂದಿರುಗಿಸಿದರು. ಕೊಡುವ ಮೊದಲೇ ನಾವು ಹಿಡಿದಿಟ್ಟುಕೊಂಡಿದ್ದರೆ ಅವರಿಗೆ ಆ ಪುಣ್ಯದ ಅವಕಾಶವೇ ಇರುತ್ತಿರಲಿಲ್ಲ.

ಹಾಡುಗಳ ವಿಷಯದಲ್ಲೂ ಎಚ್ಚರ ಬೇಕು. 1957ರ ಕೃತಿಸ್ವಾಮ್ಯ ಕಾನೂನಿನಂತೆ, ಹವ್ಯಾಸಿ ಸಂಘವು ಹಣ ಕೊಡದ ಪ್ರೇಕ್ಷಕರ ಮುಂದೆ, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಪ್ರದರ್ಶಿಸಿದರೆ ಅದಕ್ಕೆ ವಿನಾಯಿತಿ ಇದೆ. ನಮ್ಮದು ಟಿಕೀಟಿನ ಆಟ, ಉದ್ದೇಶ ರೋಗಿಗಳ ನೆರವು; ಆ ವಿನಾಯಿತಿ ನಮಗೆ ಬಾರದು. ಸಿನಿಮಾ ಹಾಡಿಗೆ ಕುಣಿಸಬೇಕಾದರೆ ಅನುಮತಿ ಪಡೆಯಬೇಕು. ಗುರುಗಳು ದಾಸರ ಪದಗಳನ್ನೂ ಹಳೆಯ ಪ್ರಸಂಗವನ್ನೂ ಆರಿಸಿಕೊಂಡು ನಮ್ಮ ತಲೆನೋವನ್ನು ತಪ್ಪಿಸಿದರು. ಹಾಗೆಯೇ 1994ರ ತಿದ್ದುಪಡಿಯ ಅನಂತರ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಉಂಟು. ಪೂರ್ತಿ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುವ ಮೊದಲು ಗುರುಗಳನ್ನು ಒಂದು ಮಾತು ಕೇಳಿ. ಅದರಲ್ಲಿರುವ ಮಕ್ಕಳ ತಂದೆತಾಯಿಗಳನ್ನೂ ಕೇಳಿ.

ಭಾಷಣಗಳು ಒಟ್ಟು ಹದಿನೈದು ನಿಮಿಷ ಮೀರಬಾರದು. ಹೋದ ವರ್ಷ ಅತಿಥಿಗಳ ಮಾತು ಮುಗಿಯುವಷ್ಟರಲ್ಲಿ ಸಣ್ಣ ಮಕ್ಕಳು ಗೆಜ್ಜೆ ಕಟ್ಟಿಕೊಂಡೇ ನಿದ್ದೆ ಹೋಗಿದ್ದರು. ಕಟ್ಟಡ ಕೆಲಸದ ಬಿಡಾರದಿಂದ ಬಂದವರು ದೂರದ ಗಾಡಿ ಹಿಡಿಯಬೇಕು. ಈ ಸಲ ಎಂಟೂವರೆಗೆ ಪರದೆ ಬಿತ್ತು, ಮಕ್ಕಳಿಗೂ ಗುರುಗಳಿಗೂ ಮೊದಲ ಪಂಕ್ತಿಯಲ್ಲೇ ಊಟವಾಯಿತು.

ಕೊನೆಯದು, ಲೆಕ್ಕ. ಹಲಗೆಯ ಮೇಲಿನ ಜಮಾಖರ್ಚಿನಲ್ಲಿ ಈ ಸಲ 'ಶ್ರಮದಾನ' ಎಂಬ ಹೊಸದೊಂದು ಕಲಮು ಕಾಣುತ್ತೀರಿ. ಅದರಲ್ಲಿ ರೂಪಾಯಿ ಇಲ್ಲ. ಗುರುಗಳ ಹೆಸರು, ಅದರ ಮುಂದೆ ಅವರು ಕೊಟ್ಟ ಗಂಟೆಗಳು. ಒಬ್ಬ ಸದಸ್ಯರು "ಗಂಟೆಯನ್ನು ಕೂಡಿಸಿ ಏನು ಬಂತು? ಬ್ಯಾಂಕಿನಲ್ಲಿ ಕಟ್ಟಲಿಕ್ಕಾಗುತ್ತದೆಯೇ?" ಎಂದು ಕೇಳಿದರು. ಆಗುವುದಿಲ್ಲ, ನಿಜ. ಆದರೆ ಬ್ಯಾಂಕಿನಲ್ಲಿ ಕಟ್ಟಿದ್ದೆಲ್ಲ ಆ ಗಂಟೆಗಳಿಂದಲೇ ಬಂದದ್ದು. ಖರ್ಚು ಹೋದ ವರ್ಷಕ್ಕಿಂತ ಹೆಚ್ಚಾಗಿದೆ, ಉಳಿತಾಯ ಅಷ್ಟಕ್ಕಷ್ಟೇ ಕಡಿಮೆಯಾಗಿದೆ. ಇದನ್ನು ಮುಚ್ಚಿಡುವುದಿಲ್ಲ. ಒಬ್ಬರ ಮನೆಯ ಬಾಡಿಗೆ ಬಾಕಿ ಇಟ್ಟು ಇನ್ನೊಬ್ಬರ ಬಾಡಿಗೆ ಕಟ್ಟಿದ ಉಳಿತಾಯಕ್ಕಿಂತ ಈ ಕಡಿಮೆಯೇ ನಮಗೆ ಮೇಲೆಂದು ತೋರಿತು. ಕೊರತೆಯನ್ನು ತುಂಬಲು ದಾರಿಯುಂಟು: ವರ್ಷವಿಡೀ ಉಚಿತವಾಗಿ ಪತ್ರಿಕೆ ಓದುವ ನಾವೆಲ್ಲ ಬಾಗಿಲ ಬಳಿಯ ಡಬ್ಬಿಯನ್ನು ಆಗಾಗ ನೆನೆಯುವುದು. ಹನಿಗೂಡಿದರೆ ಹಳ್ಳ.

ಇನ್ನೊಂದು ಪ್ರಾರ್ಥನೆ. ಗುರುಗಳಿಗೆ ನಿಜವಾಗಿ ಉಪಕಾರ ಮಾಡಬೇಕೆಂದಿದ್ದರೆ ಶಾಲಿಗಿಂತ ಒಳ್ಳೆಯ ದಾರಿ ಇದೆ. ನಿಮ್ಮ ಮಕ್ಕಳನ್ನು ಅವರ ತರಗತಿಗೆ ಸೇರಿಸಿ, ತಿಂಗಳ ಮೊದಲ ವಾರದಲ್ಲೇ ಫೀಜು ಕೊಡಿ. ಚೌಕಾಸಿ ಮಾಡಬೇಡಿ. ವರ್ಷದ ಐವತ್ತು ವಾರ ಅವರ ಮನೆ ನಡೆದರೆ ಹತ್ತು ವಾರದ ಸಂಜೆಗಳನ್ನು ಅವರು ನಗುತ್ತ ಕೊಡಬಲ್ಲರು.

ಮೊನ್ನೆ ಕಾರ್ಯಕ್ರಮದಲ್ಲಿ ಪರೇಲಿನ ಖೋಲಿಯಿಂದ ಒಬ್ಬ ತಾಯಿ ಬಂದಿದ್ದರು. ಚಿಕಿತ್ಸೆ ನಡೆಯುತ್ತಿದೆ, ತಲೆಗೆ ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಕೋಲಾಟ ಮುಗಿದ ಮೇಲೆ ಮೆಲ್ಲಗೆ ಎದ್ದು ಬಂದು ಆ ಅಜ್ಜನನ್ನು "ಯಾವೂರ್ರೀ ನಿಮ್ಮದು?" ಎಂದು ಕೇಳಿದರು. ಅಜ್ಜ ಊರ ಹೆಸರು ಹೇಳಿದರು. ಇಬ್ಬರದೂ ಒಂದೇ ಸೀಮೆ. ಬಹಳ ಹೊತ್ತು ಮಾತಾಡುತ್ತ ನಿಂತರು. ಮಳೆ, ಜೋಳ, ಜಾತ್ರೆ. ಆ ತಾಯಿಗೆ ತನ್ನ ಖೋಲಿಯ ಬಾಡಿಗೆ ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ. ಅಜ್ಜನಿಗೆ ತನ್ನ ಕೋಲಾಟ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿರಲಿಲ್ಲ. ಇಬ್ಬರ ನಡುವೆ ನಿಂತು ಲೆಕ್ಕ ಬರೆಯುವವರು ನಾವು. ಆ ಲೆಕ್ಕ ಎರಡು ಕಡೆಗೂ ಸರಿಯಾಗಿರಲಿ ಎಂಬುದೇ ನಮ್ಮ ಹಾರೈಕೆ.

ಗುರುಗಳೇ, ನಿಮ್ಮ ಸೇವೆಯನ್ನು ನಾವು ಒಮ್ಮೆ ಬಿಟ್ಟಿಯಾಗಿ ಮಾಡಿದ್ದೆವು. ಕ್ಷಮಿಸಿ. ಮುಂದಿನ ವರ್ಷ ಮತ್ತೆ ಪತ್ರ ಬರೆಯುತ್ತೇವೆ. ಆಗುತ್ತದೆ ಎಂದರೆ ಸಂತೋಷ. ಆಗುವುದಿಲ್ಲ ಎಂದರೂ ಈ ವಾಚನಾಲಯದಲ್ಲಿ ನಿಮ್ಮ ಕುರ್ಚಿ ನಿಮ್ಮದೇ.